ಒಂದೇ ದೂರಕ್ಕೆ ಐದು ಉತ್ತರ: ಶಾಲೆಯ ಅಸೈನ್‌ಮೆಂಟಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಕ್ರಮ

ಮಂಗಳೂರಿನಿಂದ ದುಬೈ ಎಷ್ಟು ದೂರ ಎಂದು ಕೇಳಿದರೆ ನಮ್ಮ ಕರಾವಳಿಯ ಮನೆಗಳಲ್ಲಿ ಕಿಲೋಮೀಟರಿನ ಉತ್ತರ ಸಿಗುವುದಿಲ್ಲ; ಬಜಪೆಯಲ್ಲಿ ಮಗನನ್ನೋ ಅಳಿಯನನ್ನೋ ವಿಮಾನ ಹತ್ತಿಸಿ ಬಂದವರು ‘ಸುಮಾರು ನಾಲ್ಕು ಗಂಟೆ’ ಎನ್ನುತ್ತಾರೆ. ಹತ್ತನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳಿಗೆ ಕೊಟ್ಟ ಅಸೈನ್‌ಮೆಂಟು ಮಾತ್ರ ಗಂಟೆಯ ಲೆಕ್ಕವನ್ನು ಒಪ್ಪುವಂಥದ್ದಾಗಿರಲಿಲ್ಲ. ದೂರದ ಎರಡು ಸ್ಥಳಗಳನ್ನು ಆರಿಸಿಕೊಂಡು, ಅವುಗಳ ನಡುವಿನ ದೂರವನ್ನು ಕನಿಷ್ಠ ಎರಡು ವಿಧಾನಗಳಿಂದ ಕಂಡುಹಿಡಿದು ಹೋಲಿಸಬೇಕೆಂದು ಅದರಲ್ಲಿ ಕೇಳಿತ್ತು. ಅವಳು ಎರಡಕ್ಕೆ ನಿಲ್ಲದೆ ಐದು ಕಡೆಯಿಂದ ಐದು ಉತ್ತರ ಸಂಗ್ರಹಿಸಿ, ಭಾನುವಾರ ಬೆಳಿಗ್ಗೆ ಉಡುಪಿಯ ನಮ್ಮ ಮನೆಯ ಜಗಲಿಗೆ ನೋಟ್‌ಬುಕ್ ತಂದಳು.

ಫೋನಿನ ನಕ್ಷೆಯಲ್ಲಿ ಅಳೆದಾಗ ಬಂದದ್ದು 2,467. ಅಂತರಜಾಲದಲ್ಲಿ ಹುಡುಕಿದಾಗ ಸಿಕ್ಕಿದ್ದು 1,533. ಮಲ್ಪೆಯಲ್ಲಿ ಬೋಟು ಇರುವ ನೆರೆಮನೆಯವರು ತಮ್ಮ ಜಿಪಿಎಸ್‌ನಲ್ಲಿ ಎರಡೂ ಊರುಗಳ ಸ್ಥಾನ ಹಾಕಿ ನೋಡಿ ಹೇಳಿದ್ದು 1,332. ಗೆಳತಿ ಪೈಥಾಗೋರಸ್ ಪ್ರಮೇಯದಿಂದ ತೆಗೆದದ್ದು 2,567. ಕೊನೆಗೆ ಇವಳೇ ಸೂತ್ರ ಹಾಕಿ ಕ್ಯಾಲ್ಕುಲೇಟರ್ ಒತ್ತಿದಾಗ ಬಂದದ್ದು 4,741. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

“ಅಜ್ಜ, ಇದರಲ್ಲಿ ಯಾವುದನ್ನು ಬರೆಯುವುದು?” ಎಂದು ಅವಳು ಕೇಳಿದಳು. ಯಾವುದನ್ನು ಬರೆಯುವುದು ಎಂದು ನಿರ್ಧರಿಸುವ ಮುಂಚೆ ಉಳಿದವು ಏಕೆ ಹಾಗೆ ಬಂದವು ಎಂದು ಪತ್ತೆ ಮಾಡಬೇಕು ಎಂಬುದು, ವರ್ಷಗಟ್ಟಲೆ ಗಣಿತ ಕಲಿಸಿದ ನನ್ನ ಅಭಿಪ್ರಾಯ. ಏಕೆಂದರೆ ಇಂಥ ಲೆಕ್ಕದಲ್ಲಿ ತಪ್ಪುಗಳು ಮನಸ್ಸಿಗೆ ಬಂದಂತೆ ಹುಟ್ಟುವುದಿಲ್ಲ. ಪ್ರತಿಯೊಂದು ತಪ್ಪಿಗೂ ಅದರದೇ ಆದ ಗಾತ್ರವಿದ್ದು, ತಪ್ಪು ಉತ್ತರ ಸರಿ ಉತ್ತರಕ್ಕಿಂತ ಎಷ್ಟು ಪಟ್ಟು ಹೆಚ್ಚು ಅಥವಾ ಕಡಿಮೆ ಇದೆ ಎಂದು ನೋಡಿದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪಿನ ಹೆಸರೇ ಗೊತ್ತಾಗುತ್ತದೆ.

ಮೊದಲು ಭಾಗಿಸಿ ನೋಡಿ

ಎರಡು ಉತ್ತರಗಳು ಸೇರದಿದ್ದಾಗ ಮಕ್ಕಳು ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ವ್ಯತ್ಯಾಸ 934 ಎಂದು ತಿಳಿದರೆ ಏನೂ ತಿಳಿದಂತಾಗುವುದಿಲ್ಲ. ಕಳೆಯುವ ಬದಲು ದೊಡ್ಡದನ್ನು ಚಿಕ್ಕದರಿಂದ ಭಾಗಿಸಬೇಕು. 2,467ನ್ನು 1,533ರಿಂದ ಭಾಗಿಸಿದಾಗ 1.609 ಬಂತು. ಒಂದು ಮೈಲಿಗೆ 1.609 ಕಿಲೋಮೀಟರ್ ಎಂಬುದು ಮೊಮ್ಮಗಳಿಗೆ ಗೊತ್ತಿತ್ತು. ಭಾಗಲಬ್ಧ ಕಾಣಿಸಿದ ಕೂಡಲೇ ಅವಳು ತಾನಾಗಿಯೇ ನಕ್ಕಳು. ಆ ತಾಣವು ಮೈಲಿಯಲ್ಲಿ ಉತ್ತರ ಕೊಟ್ಟಿತ್ತು, ಇವಳು ಸಂಖ್ಯೆಯನ್ನು ಮಾತ್ರ ನಕಲು ಮಾಡಿಕೊಂಡು ಏಕಮಾನವನ್ನು ಅಲ್ಲಿಯೇ ಬಿಟ್ಟು ಬಂದಿದ್ದಳು.

ಬೋಟಿನವರ 1,332ರಿಂದ ಭಾಗಿಸಿದಾಗ 1.852 ಬಂತು. ಇದು ನಾಟಿಕಲ್ ಮೈಲು, ಅಂದರೆ 1,852 ಮೀಟರ್. ಮಲ್ಪೆಯಲ್ಲಾಗಲಿ ಮಂಗಳೂರಿನ ಬಂದರಿನಲ್ಲಾಗಲಿ ಕಡಲಿಗೆ ಹೋಗುವವರು ಬರೇ ‘ಮೈಲು’ ಎಂದರೂ ಅವರ ಮನಸ್ಸಿನಲ್ಲಿರುವುದು ಇದೇ. ಇದು ಸುಮ್ಮನೆ ಹುಟ್ಟಿದ ಅಳತೆಯಲ್ಲ: ಅಕ್ಷಾಂಶದ ಒಂದು ಡಿಗ್ರಿಯಲ್ಲಿ ಅರುವತ್ತು ನಿಮಿಷಗಳಿದ್ದು, ಭೂಮಿಯ ಮೇಲ್ಮೈಯಲ್ಲಿ ಅಂಥ ಒಂದು ನಿಮಿಷದ ಉದ್ದವೇ ಸುಮಾರಾಗಿ ಒಂದು ನಾಟಿಕಲ್ ಮೈಲು. ಹೀಗೆ ಐದು ಉತ್ತರಗಳಲ್ಲಿ ಮೂರು ಒಂದೇ ಉತ್ತರವೆಂದು ಐದು ನಿಮಿಷದಲ್ಲಿ ಇತ್ಯರ್ಥವಾಯಿತು. ನೆರೆಮನೆಯವರದಾಗಲಿ ತಾಣದ್ದಾಗಲಿ ಯಾವ ತಪ್ಪೂ ಇರಲಿಲ್ಲ.

ಸಾಮಾನ್ಯ ಮೈಲಿಗೂ ನಾಟಿಕಲ್ ಮೈಲಿಗೂ ಇರುವ ಅನುಪಾತ 1.151. ಈ ಸಂಖ್ಯೆ ಬಂದಾಗ ಮಾತ್ರ ಅವಸರದಿಂದ ತೀರ್ಪು ಕೊಡಬಾರದು, ಏಕೆಂದರೆ ರಸ್ತೆಯ ದೂರಕ್ಕೂ ನೇರ ದೂರಕ್ಕೂ ಇರುವ ಅನುಪಾತವು ಇದರ ಹತ್ತಿರಕ್ಕೆ ಬಂದು ಮೋಸ ಮಾಡುವುದುಂಟು. ಮಂಗಳೂರಿನಿಂದ ಬೆಂಗಳೂರಿಗೆ ನೇರ ದೂರ ಸುಮಾರು 298 ಕಿ.ಮೀ., ಶಿರಾಡಿ ಘಾಟಿಯ ರಸ್ತೆಯಲ್ಲಿ ಸುಮಾರು 350 ಕಿ.ಮೀ.; ಭಾಗಿಸಿದರೆ 1.17. ಇಲ್ಲಿ ಏಕಮಾನದ ತಪ್ಪೇನೂ ಇಲ್ಲ, ಘಟ್ಟದ ತಿರುವುಗಳಿವೆ.

ರಸ್ತೆಯೋ, ನೇರವೋ

ಫೋನಿನ ನಕ್ಷೆಯಲ್ಲಿ ಎರಡು ಊರುಗಳ ಹೆಸರು ಹಾಕಿ ‘ದಾರಿ ತೋರಿಸು’ ಎಂದರೆ ಅದು ಕೊಡುವುದು ಆ ಹೊತ್ತಿಗೆ ತನಗೆ ಒಳ್ಳೆಯದೆಂದು ಕಂಡ ರಸ್ತೆಯ ಉದ್ದ. ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತ ದಿನ ಅದೇ ಪ್ರಶ್ನೆಗೆ ಚಾರ್ಮಾಡಿಯ ಮೇಲಿನ ಬೇರೆ ಉತ್ತರ ಬಂದರೆ ಆಶ್ಚರ್ಯವಿಲ್ಲ. ಜುಲೈಯಲ್ಲಿ ಬರೆದ ಅಸೈನ್‌ಮೆಂಟನ್ನು ಡಿಸೆಂಬರಿನಲ್ಲಿ ತಿದ್ದುವ ಅಧ್ಯಾಪಕರಿಗೆ ಅದು ಹೇಗೆ ಗೊತ್ತಾಗಬೇಕು? ಮುಂಬೈಗೆ ನೇರ ದೂರ ಸುಮಾರು 720 ಕಿ.ಮೀ. ಇದ್ದರೆ ಹೆದ್ದಾರಿಯಲ್ಲಿ 900ರ ಆಸುಪಾಸು, ಅಂದರೆ 1.25 ಪಟ್ಟು. ಒಟ್ಟಿನಲ್ಲಿ ಒಂದೇ ನೆಲದ ಮೇಲಿರುವ ಎರಡು ದೂರದ ಊರುಗಳಿಗೆ ಈ ಅನುಪಾತ 1.15ರಿಂದ 1.4ರ ಒಳಗೆ ಬಂದರೆ ಮೊದಲು ರಸ್ತೆಯ ಮೇಲೆ ಸಂಶಯಪಡಿ. ನೇರ ದೂರ ಬೇಕಿದ್ದರೆ ನಕ್ಷೆಯ ಆ್ಯಪ್‌ನಲ್ಲಿ ಒಂದು ಸ್ಥಳದ ಮೇಲೆ ಬೆರಳನ್ನು ಒತ್ತಿ ಹಿಡಿದು, ದೂರ ಅಳೆಯುವ ಸೌಲಭ್ಯವನ್ನು ಆರಿಸಿ, ನಕ್ಷೆಯನ್ನು ಇನ್ನೊಂದು ಸ್ಥಳದವರೆಗೆ ಸರಿಸಬೇಕು.

ಹೆಸರು ಹಾಕುವಾಗಲೂ ಎಚ್ಚರ ಬೇಕು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿಯೂ ಒಂದು ಮ್ಯಾಂಗಲೋರ್ ಇದೆ. ಹೈದರಾಬಾದ್ ಪಾಕಿಸ್ತಾನದ ಸಿಂಧ್‌ನಲ್ಲಿಯೂ ಸೇಲಂ ಅಮೆರಿಕದ ಆರೆಗಾನಿನಲ್ಲಿಯೂ ಇದೆ. ಈ ತಪ್ಪಿಗೆ ನಿಶ್ಚಿತ ಅನುಪಾತವಿಲ್ಲ, ಉತ್ತರ ಸಾವಿರಾರು ಕಿಲೋಮೀಟರ್ ಆಚೆಗೆ ಹಾರುತ್ತದೆ.

ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳುವಾಗ

ನನ್ನ ಅನುಭವದಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಮತ್ತು ಸೂತ್ರವನ್ನು ಎಷ್ಟು ಸಲ ಪರೀಕ್ಷಿಸಿದರೂ ಇದು ಸಿಗುವುದಿಲ್ಲ. ಮಂಗಳೂರಿನ ಅಕ್ಷಾಂಶವನ್ನು 12.87 ಡಿಗ್ರಿ ಎಂದು ಫೋನು ತೋರಿಸುತ್ತದೆ. ಅಟ್ಲಾಸಿನಲ್ಲಿ ಅದೇ 12°52′ ಎಂದಿರುತ್ತದೆ. ಬೋಟಿನ ಜಿಪಿಎಸ್ 12°52.2′ ಎಂದು ತೋರಿಸುತ್ತದೆ. ಮೂರೂ ಒಂದೇ ಸ್ಥಳ. ಆದರೆ ಅಟ್ಲಾಸಿನ 12 ಡಿಗ್ರಿ 52 ನಿಮಿಷವನ್ನು 12.52 ಎಂದು ಬರೆದುಕೊಂಡರೆ ಮಂಗಳೂರು ಸುಮಾರು 39 ಕಿಲೋಮೀಟರ್ ತೆಂಕಕ್ಕೆ ಜಾರಿ ಕಾಸರಗೋಡಿನ ನೇರಕ್ಕೆ ಬರುತ್ತದೆ. ರೇಖಾಂಶ 74°50′ನ್ನೂ ಅದೇ ರೀತಿ 74.50 ಎಂದರೆ ಊರು ನೆಲದಲ್ಲಿಯೂ ಉಳಿಯುವುದಿಲ್ಲ. ಕಾಸರಗೋಡಿನ ಎದುರಿಗೆ ದಡದಿಂದ ಐವತ್ತು ಕಿಲೋಮೀಟರಿನಷ್ಟು ಪಡುವಣಕ್ಕೆ, ಅರಬ್ಬಿ ಸಮುದ್ರದಲ್ಲಿ ತೇಲುತ್ತದೆ. ನಿಮಿಷವನ್ನು ಅರುವತ್ತರಿಂದ ಭಾಗಿಸಿ ಡಿಗ್ರಿಗೆ ಸೇರಿಸಬೇಕು: 52ನ್ನು 60ರಿಂದ ಭಾಗಿಸಿದರೆ 0.87.

ಈ ತಪ್ಪನ್ನು ಉತ್ತರದಿಂದ ಹಿಡಿಯುವುದು ಕಷ್ಟ, ಏಕೆಂದರೆ ಎರಡು ಸಾವಿರ ಕಿಲೋಮೀಟರಿನಲ್ಲಿ ಮೂವತ್ತು ನಲುವತ್ತು ಆಚೀಚೆಯಾದರೆ ಯಾರಿಗೂ ಕಾಣುವುದಿಲ್ಲ. ಅದನ್ನು ಹಿಡಿಯುವ ಉಪಾಯ ಬೇರೆ. ಬರೆದುಕೊಂಡ ಎಲ್ಲ ಸಂಖ್ಯೆಗಳಲ್ಲಿ ದಶಮಾಂಶ ಬಿಂದುವಿನ ಬಳಿಕದ ಎರಡು ಅಂಕೆಗಳನ್ನು ನೋಡಿ. ಹತ್ತು ಹನ್ನೆರಡು ಸಂಖ್ಯೆಗಳಿದ್ದು, ಒಂದರಲ್ಲಿಯೂ 59ಕ್ಕಿಂತ ದೊಡ್ಡದು ಬಂದಿಲ್ಲವೆಂದರೆ ಅವು ದಶಮಾಂಶಗಳಲ್ಲ, ವೇಷ ಹಾಕಿದ ನಿಮಿಷಗಳು.

ಅಕ್ಷಾಂಶ ಮತ್ತು ರೇಖಾಂಶ ಅದಲುಬದಲಾದರೆ ತಪ್ಪು ತಾನಾಗಿ ಬೊಬ್ಬೆ ಹಾಕುತ್ತದೆ. ಮಂಗಳೂರಿನ 12.87, 74.84ನ್ನು ತಿರುಗಿಸಿ ಹಾಕಿದರೆ ನಾವು 74.84 ಡಿಗ್ರಿ ಉತ್ತರಕ್ಕೆ, ನಾರ್ವೆ ದೇಶವನ್ನೂ ದಾಟಿದ ತಣ್ಣಗಿನ ಕಡಲಿಗೆ ಹೋಗಿ ಬೀಳುತ್ತೇವೆ. ಫೋನಿನ ನಕ್ಷೆಗಳಲ್ಲಿ ಸಾಮಾನ್ಯವಾಗಿ ಅಕ್ಷಾಂಶ ಮೊದಲು ಬರುತ್ತದೆ. ಕೆಲವು ನಕ್ಷೆ ತಂತ್ರಾಂಶಗಳು ರೇಖಾಂಶವನ್ನು ಮೊದಲು ಕೇಳುತ್ತವೆ. ಆದುದರಿಂದ ಲೆಕ್ಕ ಹಾಕುವ ಮುಂಚೆ ಸಂಖ್ಯೆಗಳನ್ನು ನಕ್ಷೆಯಲ್ಲಿಯೇ ಹಾಕಿ, ಪಿನ್ನು ಹಂಪನಕಟ್ಟೆಯ ಆಸುಪಾಸಿನಲ್ಲಿ ಬೀಳುತ್ತದೆಯೋ ಎಂದು ನೋಡಿಕೊಳ್ಳುವುದು ಒಳ್ಳೆಯದು. ಅರ್ಧ ನಿಮಿಷದ ಕೆಲಸ.

ಪೂರ್ವ ಪಶ್ಚಿಮಗಳ ತಪ್ಪು ಇದಕ್ಕಿಂತ ಕಪಟಿ. ಮೊಮ್ಮಗಳ ತರಗತಿಯ ಒಬ್ಬ ಹುಡುಗ ನ್ಯೂಯಾರ್ಕನ್ನು ಆರಿಸಿಕೊಂಡಿದ್ದನಂತೆ. ಅವನಿಗೆ ಬಂದ ಉತ್ತರ 3,097 ಕಿ.ಮೀ. ದುಬೈಗಿಂತ ನ್ಯೂಯಾರ್ಕ್ ಅರುನೂರು ಕಿಲೋಮೀಟರ್ ಮಾತ್ರ ದೂರ ಎಂಬುದು ಯಾರಿಗಾದರೂ ಸಂಶಯ ಬರಿಸಬೇಕಿತ್ತು. ನ್ಯೂಯಾರ್ಕಿನ ರೇಖಾಂಶ 74.01 ಪಶ್ಚಿಮ, ಮಂಗಳೂರಿನದು 74.84 ಪೂರ್ವ. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಹಾಕಬೇಕು. ಅದನ್ನು ಮರೆತದ್ದರಿಂದ ಅವನ ನ್ಯೂಯಾರ್ಕ್ ನಮ್ಮದೇ ರೇಖಾಂಶಕ್ಕೆ ಬಂದು, ನೇರ ಬಡಗಣದ ಕಿರ್ಗಿಸ್ತಾನದ ಬೆಟ್ಟಗಳಲ್ಲಿ ನೆಲೆಯಾಗಿತ್ತು. ಚಿಹ್ನೆಯನ್ನು ಸರಿಪಡಿಸಿದರೆ ದೂರ ಸುಮಾರು 13,249 ಕಿ.ಮೀ. ಲಂಡನ್ ಆರಿಸಿಕೊಂಡವರು ಇದೇ ತಪ್ಪು ಮಾಡಿಯೂ ಪಾರಾಗುತ್ತಾರೆ, ಏಕೆಂದರೆ ಅದರ ರೇಖಾಂಶ 0.13 ಪಶ್ಚಿಮ ಮಾತ್ರ. ಚಿಹ್ನೆ ತಪ್ಪಿದರೂ ಊರು ಹದಿನೆಂಟು ಕಿಲೋಮೀಟರಿನಷ್ಟೇ ಸರಿಯುತ್ತದೆ. ಸರಿಯಾದ ಉತ್ತರ ಬಂತೆಂದ ಮಾತ್ರಕ್ಕೆ ವಿಧಾನ ಸರಿ ಇತ್ತು ಎನ್ನಲಾಗದು.

ಪೈಥಾಗೋರಸ್ ಎಲ್ಲಿಯವರೆಗೆ ನಡೆಯುತ್ತಾನೆ

ಗೆಳತಿಯ 2,567ನ್ನು 2,467ರಿಂದ ಭಾಗಿಸಿದರೆ 1.04. ಇದು ಯಾವ ಏಕಮಾನಕ್ಕೂ ಸೇರದ ಸಂಖ್ಯೆ. ಅವಳು ಮಾಡಿದ್ದು ಇಷ್ಟು: ಮಂಗಳೂರು 12.87 ಉತ್ತರ, 74.84 ಪೂರ್ವ; ದುಬೈ 25.20 ಉತ್ತರ, 55.27 ಪೂರ್ವ; ವ್ಯತ್ಯಾಸಗಳು 12.33 ಮತ್ತು 19.57 ಡಿಗ್ರಿ, ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 23.13, ಡಿಗ್ರಿಗೆ 111 ಕಿ.ಮೀ.ಯಂತೆ 2,567. ಅಕ್ಷಾಂಶದ ಡಿಗ್ರಿ ಎಲ್ಲಿಯೂ ಹೆಚ್ಚುಕಡಿಮೆ 111 ಕಿ.ಮೀ. ಇರುವುದು ನಿಜ. ರೇಖಾಂಶದ ಡಿಗ್ರಿ ಹಾಗಲ್ಲ. ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುವುದರಿಂದ, ಸುಲಿದ ಕಿತ್ತಳೆಯ ತೊಳೆ ತುದಿಗೆ ಹೋದಂತೆ ಕಿರಿದಾಗುವ ಹಾಗೆ, ಅವುಗಳ ನಡುವಿನ ಅಂತರವೂ ಕಿರಿದಾಗುತ್ತದೆ: ಭೂಮಧ್ಯರೇಖೆಯಲ್ಲಿ 111 ಇದ್ದದ್ದು ಮಂಗಳೂರಿನಲ್ಲಿ ಸುಮಾರು 108.5, ದುಬೈಯಲ್ಲಿ ಸುಮಾರು 101, ಲಂಡನ್ನಿನಲ್ಲಿ 69 ಮಾತ್ರ.

ಆದುದರಿಂದ ರೇಖಾಂಶದ ವ್ಯತ್ಯಾಸವನ್ನು ಎರಡೂ ಅಕ್ಷಾಂಶಗಳ ಸರಾಸರಿಯ ಕೊಸೈನ್‌ನಿಂದ ಗುಣಿಸಿಕೊಳ್ಳಬೇಕು. ಸರಾಸರಿ ಅಕ್ಷಾಂಶ ಸುಮಾರು 19, ಅದರ ಕೊಸೈನ್ 0.945, 19.57 ಡಿಗ್ರಿ 18.50 ಆಗುತ್ತದೆ. ಈಗ ವರ್ಗಮೂಲ 22.23, ದೂರ 2,468. ಫೋನಿನ ಉತ್ತರಕ್ಕೂ ಇದಕ್ಕೂ ಒಂದೇ ಕಿಲೋಮೀಟರ್ ವ್ಯತ್ಯಾಸ! ಗೆಳತಿಯ ವಿಧಾನವನ್ನು ಹೊಡೆದುಹಾಕದೆ, ಒಂದು ಗುಣಾಕಾರ ಸೇರಿಸಿ ಉಳಿಸಿಕೊಂಡದ್ದು ನನಗೆ ವೈಯಕ್ತಿಕವಾಗಿ ಹೆಚ್ಚು ಸಂತೋಷ ಕೊಟ್ಟಿತು. ಆದರೆ ಈ ಸುಲಭದಾರಿ ನ್ಯೂಯಾರ್ಕಿನವರೆಗೆ ನಡೆಯುವುದಿಲ್ಲ. ಅಲ್ಲಿಗೆ ಇದೇ ಲೆಕ್ಕ 15,070 ಎನ್ನುತ್ತದೆ, ನಿಜಕ್ಕಿಂತ 1,800 ಕಿ.ಮೀ. ಹೆಚ್ಚು. ಚಪ್ಪಟೆ ನಕ್ಷೆಯಲ್ಲಿ ಗೆರೆ ಎಳೆದರೆ ಮಂಗಳೂರಿನಿಂದ ನ್ಯೂಯಾರ್ಕಿಗೆ ಅರೇಬಿಯ, ಉತ್ತರ ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗಬೇಕೆಂದು ಕಾಣುತ್ತದೆ; ಗೋಲದ ಮೇಲಿನ ಅತಿ ಹತ್ತಿರದ ದಾರಿಯಾದ ಮಹಾವೃತ್ತವು ಉತ್ತರಕ್ಕೆ 64 ಡಿಗ್ರಿಯವರೆಗೆ ಏರಿ, ಐಸ್‌ಲ್ಯಾಂಡಿನ ಪಕ್ಕದಿಂದ ಇಳಿಯುತ್ತದೆ.

ಸೂತ್ರ ಸರಿ, ಕ್ಯಾಲ್ಕುಲೇಟರ್ ತಪ್ಪು

ಉಳಿದದ್ದು ಮೊಮ್ಮಗಳದೇ 4,741. ಅವಳು ಬಳಸಿದ ಸೂತ್ರ ಸರಿಯಾಗಿಯೇ ಇತ್ತು. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಬೇಕು; ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನ್‌ನನ್ನೂ ಬೇರೆಯಾಗಿ ಗುಣಿಸಬೇಕು; ಎರಡೂ ಗುಣಲಬ್ಧಗಳ ಮೊತ್ತವು ಯಾವ ಕೋನದ ಕೊಸೈನ್ ಆಗಿರುತ್ತದೋ ಆ ಕೋನವೇ ಭೂಮಿಯ ಕೇಂದ್ರದಿಂದ ನೋಡಿದಾಗ ಎರಡು ಊರುಗಳ ನಡುವಿನ ಕೋನ. ಕೋನ ಡಿಗ್ರಿಯಲ್ಲಿದ್ದರೆ ಅದನ್ನು ಡಿಗ್ರಿಗೆ 111.2 ಕಿ.ಮೀ.ಯಂತೆ, ಕೋನ ಅಳೆಯುವ ಇನ್ನೊಂದು ಏಕಮಾನವಾದ ರೇಡಿಯನ್‌ನಲ್ಲಿದ್ದರೆ (ಒಂದು ರೇಡಿಯನ್ ಎಂದರೆ ಸುಮಾರು 57.3 ಡಿಗ್ರಿ) ಭೂಮಿಯ ತ್ರಿಜ್ಯವಾದ 6,371 ಕಿ.ಮೀ.ಯಿಂದ ಗುಣಿಸಿದರೆ ದೂರ ಬರುತ್ತದೆ; ಅವಳು ತ್ರಿಜ್ಯದಿಂದ ಗುಣಿಸಿದ್ದಳು.

ನಾನು ಫೋನಿನ ಕ್ಯಾಲ್ಕುಲೇಟರನ್ನು ಅವಳ ಕೈಯಿಂದ ತೆಗೆದುಕೊಂಡು ಸೈನ್ 30 ಒತ್ತಿದೆ. ಅರ್ಧ ಎಂದು ತೋರಿಸಬೇಕಾದದ್ದು −0.988 ಎಂದು ತೋರಿಸಿತು. ಅದು ರೇಡಿಯನ್ ಕ್ರಮದಲ್ಲಿತ್ತು. ನಾವು ಹಾಕಿದ 12.87ನ್ನು ಡಿಗ್ರಿ ಎಂದು ತಿಳಿಯದೆ ರೇಡಿಯನ್ ಎಂದು ತಿಳಿದು, ಭೂಮಿಯನ್ನು ಎರಡು ಸುತ್ತು ಸುತ್ತಿಸಿ ಎಲ್ಲಿಯೋ ನಿಲ್ಲಿಸಿತ್ತು. ಈ ತಪ್ಪಿನ ಅಪಾಯವೆಂದರೆ ಉತ್ತರ ಅಸಂಬದ್ಧವಾಗಿ ಕಾಣುವುದಿಲ್ಲ. 4,741 ಎಂಬುದು ಭೂಮಿಯ ಮೇಲೆ ಇರಬಹುದಾದ ದೂರವೇ, ಮತ್ತು ದುಬೈಯನ್ನು ನೋಡದವರು ಅದನ್ನು ನಂಬಿಯೂ ಬಿಡಬಹುದು. ಇದಕ್ಕೆ ನಿಶ್ಚಿತ ಅನುಪಾತವೂ ಇಲ್ಲ, ಊರು ಬದಲಾದರೆ ತಪ್ಪಿನ ಗಾತ್ರವೂ ಬದಲಾಗುತ್ತದೆ. ಆದುದರಿಂದ ಲೆಕ್ಕ ಆರಂಭಿಸುವ ಮುಂಚೆ ಸೈನ್ 30 ಒತ್ತಿ ನೋಡುವ ಅಭ್ಯಾಸವಿರಬೇಕು. ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಮಾಡುವವರಿಗೆ ಗುಂಡಿ ಬದಲಿಸುವ ಅವಕಾಶವೇ ಇಲ್ಲ. ಅದು ಯಾವಾಗಲೂ ರೇಡಿಯನ್ ಎಂದೇ ತಿಳಿಯುತ್ತದೆ, ಹಾಗಾಗಿ ಪ್ರತಿ ಡಿಗ್ರಿಯನ್ನೂ ಮೊದಲು ಪರಿವರ್ತಿಸಿಕೊಳ್ಳಬೇಕು.

ಡಿಗ್ರಿ ಕ್ರಮಕ್ಕೆ ತಂದು ಅವಳು ಮತ್ತೆ ಒತ್ತಿದಳು. ಸೈನ್‌ಗಳ ಗುಣಲಬ್ಧ 0.0948, ಕೊಸೈನ್‌ಗಳದ್ದು 0.8311, ಮೊತ್ತ 0.926ರ ಹತ್ತಿರ. ಮಧ್ಯದಲ್ಲಿ ಅಂಕೆಗಳನ್ನು ಕತ್ತರಿಸದೆ ಮುಂದುವರಿಸಿದಾಗ ಕೋನ 22.184 ಡಿಗ್ರಿ ಬಂತು, ದೂರ 2,467 ಕಿ.ಮೀ.

ಅಟ್ಲಾಸ್, ಜೆರಾಕ್ಸ್, ಗ್ಲೋಬು

ಸ್ಕೇಲಿನಿಂದ ಅಳೆದವರ ಉತ್ತರ ಸರಿಯಾದದ್ದಕ್ಕಿಂತ 1.41 ಪಟ್ಟು ಕಡಿಮೆ ಬಂದರೆ ಜೆರಾಕ್ಸ್ ಅಂಗಡಿಯನ್ನು ನೆನಪಿಸಿಕೊಳ್ಳಿ. ಎ3 ಹಾಳೆಯ ನಕ್ಷೆಯನ್ನು ಎ4ಕ್ಕೆ ಇಳಿಸಿದಾಗ ಉದ್ದಗಳು ಸುಮಾರು ಶೇ. 71ಕ್ಕೆ ಇಳಿಯುತ್ತವೆ, ಆದರೆ ಕೆಳಗೆ ‘1 ಸೆಂ.ಮೀ.ಗೆ 100 ಕಿ.ಮೀ.’ ಎಂದು ಅಕ್ಷರದಲ್ಲಿ ಬರೆದದ್ದು ಹಾಗೆಯೇ ಉಳಿದು ಸುಳ್ಳಾಗುತ್ತದೆ. ಪಟ್ಟಿಯಾಗಿ ಎಳೆದ ಪ್ರಮಾಣ ನಕ್ಷೆಯ ಜೊತೆಗೇ ಕುಗ್ಗುವುದರಿಂದ ಅದನ್ನು ನಂಬಬಹುದು. ಎರಡು ಪುಟಗಳಿಗೆ ಹರಡಿದ ನಕ್ಷೆಯಾದರೆ ನಡುವಿನ ಹೊಲಿಗೆಯಲ್ಲಿ ಎಷ್ಟು ಮಿಲಿಮೀಟರ್ ಹೋಗಿದೆ ಎಂದೂ ನೋಡಬೇಕು. ಪ್ರಪಂಚದ ಚಪ್ಪಟೆ ನಕ್ಷೆಯಲ್ಲಿ ಖಂಡಾಂತರ ದೂರವನ್ನು ಸ್ಕೇಲಿನಿಂದ ಅಳೆಯಲೇಬಾರದು. ಮರ್ಕೇಟರ್ ನಕ್ಷೆ 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದಗಳನ್ನು ಇಮ್ಮಡಿ ಹಿಗ್ಗಿಸುತ್ತದೆ.

ಅದರ ಬದಲು ಗ್ಲೋಬಿನ ಮೇಲೆ ದಾರ ಹಿಡಿಯಿರಿ. ಶಾಲೆಯ ಗ್ಲೋಬಿನ ವ್ಯಾಸ 30 ಸೆಂ.ಮೀ. ಆದರೆ ಸುತ್ತಳತೆ 94 ಸೆಂ.ಮೀ.ಗಿಂತ ತುಸು ಹೆಚ್ಚು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದುದರಿಂದ ದಾರದ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ದುಬೈಗೆ 5.8 ಸೆಂ.ಮೀ. ದಾರ ಸಾಕು, ನ್ಯೂಯಾರ್ಕಿಗೆ 31 ಸೆಂ.ಮೀ. ಬೇಕು. ಮಿಲಿಮೀಟರಿಗೆ 42 ಕಿ.ಮೀ. ಹೋಗುವ ಈ ವಿಧಾನದಿಂದ ನಿಖರತೆ ಸಿಗದಿದ್ದರೂ 3,097ರ ನ್ಯೂಯಾರ್ಕಾಗಲಿ 4,741ರ ದುಬೈಯಾಗಲಿ ಇದರ ಮುಂದೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ದೋಷವಲ್ಲದ ವ್ಯತ್ಯಾಸ

ಎಲ್ಲವನ್ನೂ ಸರಿಪಡಿಸಿದ ಬಳಿಕವೂ ಕೆಲವು ಕಿಲೋಮೀಟರ್ ಉಳಿಯುತ್ತದೆ. ಸಂಜೆ ದುಬೈಯಿಂದ ಫೋನು ಮಾಡಿದ ಅವಳ ಅಪ್ಪ, ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಲೆಕ್ಕ ಹಾಕಿ 2,460 ಎಂದರು. ಅವಳು ಮತ್ತೆ ತಪ್ಪಾಯಿತೆಂದು ಗಾಬರಿಯಾದಳು. ತಪ್ಪೇನೂ ಇರಲಿಲ್ಲ: ಬಜಪೆಯ ನಿಲ್ದಾಣವು ನಗರದಿಂದ ಹತ್ತು ಕಿಲೋಮೀಟರಿಗಿಂತ ಹೆಚ್ಚು ಬಡಗಣಕ್ಕಿದೆ, ದುಬೈಯ ನಿಲ್ದಾಣವೂ ನಾವು ಗುರುತಿಸಿದ ಬಿಂದುವಿನಿಂದ ಮೂಡಣಕ್ಕೆ ಸರಿದಿದೆ. ಇನ್ನು ಭೂಮಿಯ ತ್ರಿಜ್ಯವನ್ನು ಸರಾಸರಿಯಂತೆ 6,371 ಕಿ.ಮೀ. ಎಂದು ಹಿಡಿಯುವವರಿಗೂ ಭೂಮಧ್ಯರೇಖೆಯ 6,378 ಹಿಡಿಯುವವರಿಗೂ ಇಷ್ಟು ದೂರಕ್ಕೆ ಎರಡು ಮೂರು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ತಂತ್ರಾಂಶಗಳು ಗೋಲದ ಲೆಕ್ಕದಿಂದ ಶೇ. 0.5ರ ಒಳಗೆ ಆಚೀಚೆಯಾಗುತ್ತವೆ. ಭಾಗಲಬ್ಧ 0.995 ಮತ್ತು 1.005ರ ನಡುವೆ ಬಂದರೆ ಹುಡುಕಾಟವನ್ನು ಅಲ್ಲಿಗೆ ನಿಲ್ಲಿಸಿ, ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಅಳೆದದ್ದು ಎಂದು ಬರೆಯುವುದು ಸಾಕು.

ಅವಳು ಕೊನೆಗೆ ಐದು ಉತ್ತರಗಳನ್ನೂ ಅಳಿಸದೆ ಒಂದು ಕೋಷ್ಟಕದಲ್ಲಿ ಬರೆದು, ಪ್ರತಿಯೊಂದರ ಎದುರು ಭಾಗಲಬ್ಧವನ್ನೂ ಕಾರಣವನ್ನೂ ನಮೂದಿಸಿದಳು. ಕೆಳಗೆ ‘ಮಂಗಳೂರು (12.87 ಉ., 74.84 ಪೂ.), ದುಬೈ (25.20 ಉ., 55.27 ಪೂ.), ಭೂಮಿಯ ಮೇಲ್ಮೈಯಲ್ಲಿ ನೇರ ದೂರ ಸುಮಾರು 2,470 ಕಿ.ಮೀ.’ ಎಂದು ಬರೆದಳು. ಏಳನ್ನು ಹತ್ತಕ್ಕೆ ಏರಿಸಿದ್ದೇಕೆ ಎಂದು ನಾನು ಕೇಳಿದ್ದಕ್ಕೆ, ಅಪ್ಪನ ಏಳು ಕಿಲೋಮೀಟರ್ ನೋಡಿದ ಮೇಲೆ ಕೊನೆಯ ಅಂಕೆಯ ಮೇಲೆ ತನಗೆ ವಿಶ್ವಾಸವಿಲ್ಲ ಎಂದಳು.